ಮೂರು ಅಡುಗೆಮನೆಗಳ ಪ್ರಬಂಧ

ನಮ್ಮ ಮನೆಯ ಊಟದ ಮೇಜನ್ನು ನಾನು ಅಡಿಕೆ ಮಂಡಿಯ ಕೆಲಸ ಬಿಟ್ಟ ವರ್ಷ ಮಾಡಿಸಿದೆ. ಸಾಗುವಾನಿ ಮರ, ನಾಲ್ಕು ಕುರ್ಚಿ. ಊಟದ ಹೊತ್ತಿಗೆ ಅದರಲ್ಲಿ ಮೂರು ಮಾತ್ರ ತುಂಬುತ್ತಿದ್ದವು: ನಾನು, ಮಗ, ಮೊಮ್ಮಗಳು. ನಾಲ್ಕನೆಯದರ ಮೇಲೆ ಮಡಿಸಬೇಕಾದ ಬಟ್ಟೆಯೋ ಮೊಮ್ಮಗಳ ಶಾಲೆಯ ಚೀಲವೋ ಬಿದ್ದಿರುತ್ತಿತ್ತು. ಇದರಲ್ಲಿ ಏನೋ ಕೊರತೆಯಿದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಮೊದಲ ಸಲ ಅನ್ನಿಸಿದ್ದು ಒಂದು ಇಂಗ್ಲಿಷ್ ಪ್ರಬಂಧವನ್ನು ಓದಿದಾಗ. ಹಾಗೆ ಅನ್ನಿಸಿದಾಗ ನಾನು ಏನು ಮಾಡಿದೆ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ನ್ಯಾಮತಿಯಲ್ಲಿ. ಸೊಸೆಯ ತವರು ಜಗಳೂರು. ಮದುವೆಗೆ ಮೊದಲೇ ಬಿ.ಎ. ಮುಗಿಸಿದ್ದವಳು, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಇಂಗ್ಲಿಷ್ ಎಂ.ಎ. ಓದುತ್ತೇನೆ ಎಂದಳು. ಮನೆಯಲ್ಲಿದ್ದುಕೊಂಡೇ ಓದುವ ಕೋರ್ಸು; ಭಾನುವಾರಗಳಂದು ಮಾತ್ರ ಚನ್ನಗಿರಿಯಲ್ಲಿ ತರಗತಿ. ಮಗ ಹೂಂ ಅಂದ. ನಾನೂ ಹೂಂ ಅಂದೆ. ನನ್ನ ಹೆಂಡತಿ, "ಭಾನುವಾರ ರೊಟ್ಟಿ ಯಾರು ಬಡೀತಾರೆ?" ಎಂದು ಕೇಳಿದಳು. ಆಮೇಲೆ ಅವಳೇ ಬಡಿದಳು.

ಸೊಸೆಯ ಓದಿಗೆ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನು. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಆದರೆ 'ನಮ್ಮ ಕಾಲದ ಎಸ್ಸೆಸ್ಸೆಲ್ಸಿ' ಎಂದು ಹೇಳಿಕೊಂಡು ತಿರುಗುವವರ ಪೈಕಿ ನಾನೂ ಒಬ್ಬ. ಇಂಗ್ಲಿಷ್ ಪತ್ರಿಕೆಯನ್ನು ಬೆರಳಿಟ್ಟು ಓದಿದರೆ ಮುಕ್ಕಾಲು ಪಾಲು ತಿಳಿಯುತ್ತದೆ. ಓಣಿಯವರಿಗೆ ಬ್ಯಾಂಕಿನಿಂದ ಕಾಗದ ಬಂದರೆ ನನ್ನ ಹತ್ತಿರ ತರುತ್ತಾರೆ. ಹೀಗಾಗಿ ಸೊಸೆ ಮಧ್ಯಾಹ್ನ ಪಾತ್ರೆ ತೊಳೆದು ಅದೇ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಾಗ, ಎದುರು ಕುರ್ಚಿಯಲ್ಲಿ ನಾನೂ ಕೂರುತ್ತಿದ್ದೆ, ಯಾರೂ ಕರೆಯದಿದ್ದರೂ.

ಆ ಪ್ರಬಂಧದ ಮಾತು ಬಂದದ್ದು ಹಾಗೊಂದು ಮಧ್ಯಾಹ್ನವೇ. ಅವಳ ಇಂಗ್ಲಿಷ್ ಮೇಡಂ ಮೂರು ಪಾಠ ಕೊಟ್ಟಿದ್ದರು. ಒಂದು ಕತೆ: ಯಾವುದೋ ಪರದೇಶದ ಹೊಲಮನೆ, ಸುಗ್ಗಿಯ ಕಾಲ, ಒಬ್ಬ ಹೆಂಗಸು ಕಟಾವಿನ ಆಳುಗಳಿಗೆಲ್ಲ ಬೇಯಿಸಿ ಹಾಕಿ, ಎಲ್ಲರೂ ಎದ್ದ ಮೇಲೆ ಆರಿದ್ದನ್ನು ನಿಂತೇ ತಿನ್ನುತ್ತಾಳೆ. ಇನ್ನೊಂದು ಪದ್ಯ: ಕಡಲ ತೀರದ ಹುಡುಗಿಯೊಬ್ಬಳು, ತನ್ನ ತಟ್ಟೆಗೆ ಯಾವಾಗಲೂ ಮೀನಿನ ಬಾಲವೇ ಯಾಕೆ ಬೀಳುತ್ತದೆ ಎಂದು ಕೇಳುತ್ತಾಳೆ. ಮೂರನೆಯದು ಸಣ್ಣ ನಾಟಕ: ಪೇಟೆಯ ದೊಡ್ಡ ಮನೆ, ಯಜಮಾನನ ಹುಟ್ಟುಹಬ್ಬದ ಊಟ, ಹೆಂಡತಿ ಏನೋ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ಉಪ್ಪು ಕೇಳುತ್ತಾರೆ, ನೀರು ಕೇಳುತ್ತಾರೆ, ಅವಳು ಒಳಗೆ ಹೋಗುತ್ತಾಳೆ. ನಾಟಕ ಮುಗಿದರೂ ಅವಳ ಮಾತು ಮುಗಿಯುವುದಿಲ್ಲ.

"ಮೂರನ್ನೂ ಸೇರಿಸಿ ಒಂದೇ ಪ್ರಬಂಧ ಬರೀಬೇಕಂತೆ ಮಾವ. ಒಂದಕ್ಕೊಂದು ಹೋಲಿಸಿ," ಎಂದಳು ಸೊಸೆ.

"ಅದೇನು ದೊಡ್ಡ ಕೆಲಸ? ಮೊದಲು ಕತೆ ಮುಗ್ಸು. ಆಮೇಲೆ ಪದ್ಯ. ಆಮೇಲೆ ನಾಟಕ. ಕೊನಿಗೆ ಮೂರೂ ಚೆನ್ನಾಗವೆ ಅಂತ ಒಂದು ಸಾಲು ಹಾಕು."

ಅವಳು ನಕ್ಕಳು. "ಹಂಗೆ ಬರೆದ್ರೆ ಮೇಡಂ ವಾಪಸ್ ಎಸೀತಾರೆ."

"ಯಾಕೆ ಎಸೀತಾರೆ? ಒಂದರಾಗೊಂದು ಬೆರಸ್ಬಾರ್ದಮ್ಮ. ಅದದು ಅದರದರ ಜಾಗದಾಗೆ ಇದ್ರೆ ಓದೋರಿಗೆ ಸಲೀಸು."

"ಅಡಿಕೆ ಆರಿಸ್ದಂಗೆ ಹೇಳ್ತೀರಲ್ಲ ಮಾವ!"

ಅವಳು ತಮಾಷೆಗೆ ಹೇಳಿದ್ದರೂ ಅದು ನಿಜ. ನನ್ನ ದುಡಿಮೆಯ ಕಾಲವೆಲ್ಲ ಕಳೆದದ್ದು ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ. ಬೆಳೆಗಾರರು ತಂದ ಮಾಲನ್ನು ಆರಿಸುವ ಹೆಂಗಸರ ಮೇಲ್ವಿಚಾರಣೆ ನನ್ನದು. ಗೋಣಿಚೀಲ ಸುರಿದರೆ ಬೇಯಿಸಿದ್ದು, ಹಣ್ಣಾಗಿ ಒಣಗಿದ್ದು, ಎಳೆಯದು, ಬಲಿತದ್ದು ಎಲ್ಲ ಕಲಸಿ ಬಿದ್ದಿರುತ್ತದೆ. ಅಡಿಕೆಯ ದರ್ಜೆಗಳಲ್ಲಿ ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ. ಒಂದು ಗುಡ್ಡೆಯಲ್ಲಿ ಇನ್ನೊಂದರ ನಾಲ್ಕು ಅಡಿಕೆ ಕಂಡರೂ ಬೈಗುಳ ನನಗೇ. ಬೆರಕೆ ಎಂಬ ಮಾತು ನಮ್ಮಲ್ಲಿ ಅಪರಾಧಕ್ಕೆ ಸಮ. ಆ ಕೆಲಸ ನನ್ನ ಕೈಗೆ ಎಷ್ಟು ಹತ್ತಿತ್ತೆಂದರೆ, ಮನೆಯಲ್ಲಿ ಮಿಕ್ಸ್ಚರ್ ಕೊಟ್ಟರೂ ಶೇಂಗಾ ಬೇರೆ, ಖಾರದ ಕಡ್ಡಿ ಬೇರೆ ಮಾಡಿಕೊಂಡು ತಿನ್ನುತ್ತೇನೆ. ಮೊಮ್ಮಗಳು ಅದನ್ನು ನೋಡಿ ನಗುತ್ತಾಳೆ.

ಸೊಸೆ ನನ್ನ ಸಲಹೆ ಕೇಳಲಿಲ್ಲ. ಹಲವು ಮಧ್ಯಾಹ್ನ ಕೂತು, ಹೊಡೆದು ಹಾಕಿ, ಮತ್ತೆ ಬರೆದು ಮುಗಿಸಿದಳು. ಮುಗಿಸಿದ ಮರುದಿನವೇ ಜಗಳೂರಿನಿಂದ ಫೋನು ಬಂತು. ಅವಳ ತಂಗಿಗೆ ಎಣಿಸಿದ್ದಕ್ಕಿಂತ ಮೊದಲೇ ಹೆರಿಗೆಯಾಗಿತ್ತು. ಅವರ ತಾಯಿಗೆ ಮಂಡಿನೋವು, ಬಾಣಂತನಕ್ಕೆ ಕೈ ಬೇಕಿತ್ತು. ಪ್ರಬಂಧ ಕೊಡಲು ಉಳಿದದ್ದು ಒಂದೇ ದಿನ.

"ಹೊನ್ನಾಳಿ ಬಸ್‌ಸ್ಟ್ಯಾಂಡ್ ಎದುರಿಗೆ ಒಂದು ಡಿಟಿಪಿ ಅಂಗಡಿ ಐತೆ ಮಾವ. ನಮ್ಮ ಕ್ಲಾಸಿನೋರು ಸುಮಾರು ಜನ ಅಲ್ಲೇ ಟೈಪ್ ಮಾಡ್ಸೋದು. ಮಾಡಿಸ್ಕೊಂಡು ಹಂಗೇ ಚನ್ನಗಿರಿಗೆ ಹೋಗಿ ಮೇಡಂ ಕೈಗೆ ಕೊಟ್ಟು ಬರ್ರಿ. ನೀವೇನೂ ನೋಡಾಕೆ ಹೋಗ್ಬ್ಯಾಡ್ರಿ, ಎಲ್ಲಾ ತಿದ್ದಿ ಇಟ್ಟೀನಿ," ಎಂದು ಹಾಳೆಗಳನ್ನು ಕವರಿನಲ್ಲಿ ಹಾಕಿ ಕೊಟ್ಟು ಜಗಳೂರಿಗೆ ಹೊರಟಳು.

ನೋಡಬೇಡಿ ಎಂದ ಮೇಲೆ ನೋಡದೆ ಇರಲಿಕ್ಕಾಗಲಿಲ್ಲ. ನ್ಯಾಮತಿ ಬಿಟ್ಟು ಬಸ್ಸು ಸ್ವಲ್ಪ ದೂರ ಹೋಗುತ್ತಲೇ ಕವರಿನಿಂದ ಹಾಳೆ ತೆಗೆದೆ. ಅವಳ ಅಕ್ಷರ ದುಂಡಗೆ, ಓದಲು ಸುಲಭ. ಆದರೆ ಓದುತ್ತ ಹೋದಂತೆ ನನ್ನ ಹಳೆಯ ಕಣ್ಣಿಗೆ ಅಡಿಕೆ ಚೀಲ ಸುರಿದಂತೆ ಕಂಡಿತು. ಮೊದಲ ಪ್ಯಾರಾದಲ್ಲೇ ಮೂರು ಪಾಠವೂ ಇವೆ. ಎರಡನೆಯದರಲ್ಲಿ, ಅಡುಗೆಯವಳು ಎಲ್ಲಿ ನಿಂತಿರುತ್ತಾಳೆ ಎಂದು ಕತೆಯ ಹೆಂಗಸಿನಿಂದ ಶುರು. ಅವಳ ವಿಷಯ ಮುಗಿಯುವ ಮೊದಲೇ ಪದ್ಯದ ಹುಡುಗಿ ಬಂದಳು. ಅವಳನ್ನು ಅಲ್ಲೇ ಬಿಟ್ಟು ನಾಟಕದ ಹೆಂಡತಿ. ಮುಂದಿನದರಲ್ಲಿ ಯಾರು ಮೊದಲು ಉಣ್ಣುತ್ತಾರೆ ಎಂದು ಮತ್ತೆ ಅದೇ ಮೂವರು. ಆಮೇಲೆ ಈ ಸಂಗತಿಯನ್ನು ಹೇಳುತ್ತಿರುವವರು ಯಾರು ಎಂದು: ಕತೆಯಲ್ಲಿ ಮಗ ಹೇಳುತ್ತಾನೆ, ಪದ್ಯದಲ್ಲಿ ಹುಡುಗಿ ತಾನೇ ಹೇಳುತ್ತಾಳೆ, ನಾಟಕದಲ್ಲಿ ಯಾರೂ ಹೇಳುವುದಿಲ್ಲ. ಪಾಪ, ಮನೆಗೆಲಸದ ನಡುವೆ ಬರೆದದ್ದು, ಎಲ್ಲ ಕಲಸಿಹೋಗಿದೆ ಎಂದುಕೊಂಡೆ.

ಕೊನೆಯ ಪ್ಯಾರಾಕ್ಕೆ ಬಂದೆ. ಒಂದೊಂದನ್ನೇ ಓದಿದರೆ ಮೂವರು ದುಃಖದ ಹೆಂಗಸರು ಕಾಣುತ್ತಾರೆ. ಜೊತೆಗಿಟ್ಟು ಓದಿದರೆ ಕಾಣುವುದು ಒಂದು ಪದ್ಧತಿ ಎಂಬ ಅರ್ಥದ ಮಾತಿತ್ತು. ಅದರ ಕೆಳಗೆ ಕೊನೆಯ ಸಾಲು. ಇಂಗ್ಲಿಷಿನಲ್ಲಿದ್ದದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ: 'ಈ ಪ್ರಬಂಧವನ್ನು ನಾನು ಬರೆಯುತ್ತಿರುವ ಮೇಜಿಗೆ ಊಟದ ಹೊತ್ತಿನಲ್ಲಿ ನಾನು ಒಮ್ಮೆಯೂ ಕೂತಿಲ್ಲ.'

ನಾನು ಹಾಳೆಗಳನ್ನು ಕವರಿಗೆ ಹಾಕಿ ಕಿಟಕಿಯ ಕಡೆ ತಿರುಗಿದೆ. ಮೆಕ್ಕೆಜೋಳದ ಹೊಲಗಳು ಹೋಗುತ್ತಿದ್ದವು. ಪಕ್ಕದಲ್ಲಿ ಕೂತಿದ್ದವರು ಯಾವ ಊರು ಎಂದು ಕೇಳಿದರು. ನಾನು ಕವರನ್ನು ತೊಡೆಯ ಮೇಲೆ ಮಗುಚಿ ಇಟ್ಟೆ.

ಹೊನ್ನಾಳಿಯಲ್ಲಿ ಇಳಿದ ಮೇಲೆ ನಾನು ಆ ಪ್ರಬಂಧದ ಕ್ರಮವನ್ನೇ ಬದಲಾಯಿಸಿದೆ. ಮುಂದೆ ಮನೆಯ ಹೊರಗೆ ಯಾರಿಗೆ ಹೇಳಿದಾಗಲೂ, ಅದು ಅಚ್ಚುಕಟ್ಟಾಗಲಿ ಎಂದು ಹಾಗೆ ಮಾಡಿದೆ ಎಂದೇ ಹೇಳಿದ್ದೇನೆ. ಅದು ಅರ್ಧ ನಿಜ. ಇನ್ನರ್ಧವನ್ನು ಇಲ್ಲಿ ಹೇಳಬೇಕು. ಅವಳು ಬರೆದ ಕ್ರಮದಲ್ಲಿ ಓದುವಾಗ ಆ ಮೂರು ಅಡುಗೆಮನೆಗಳ ಪಕ್ಕದಲ್ಲಿ ನಾಲ್ಕನೆಯದೊಂದು ತಾನಾಗಿ ಬಂದು ನಿಲ್ಲುತ್ತಿತ್ತು. ಅದರ ಕಿಟಕಿ, ಅದರ ಗ್ಯಾಸ್ ಒಲೆ, ಬಾಗಿಲ ಬಳಿ ಸಾರಿನ ಪಾತ್ರೆ ಹಿಡಿದು ನಿಂತವಳು, ಎಲ್ಲ ನನಗೆ ಗೊತ್ತಿತ್ತು. ಕತೆಯನ್ನು ಕತೆಯ ಪಾಡಿಗೆ, ಪದ್ಯವನ್ನು ಪದ್ಯದ ಪಾಡಿಗೆ ಬೇರೆ ಮಾಡಿಟ್ಟರೆ ಅವು ಯಾವುದೋ ದೇಶದ, ಯಾರದೋ ಮನೆಯ ಸಂಗತಿಗಳಾಗಿ ಉಳಿಯುತ್ತಿದ್ದವು.

ಡಿಟಿಪಿ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವರು ಮೂವತ್ತೈದರ ಆಸುಪಾಸಿನ ಹೆಂಗಸು. ಅಂಗಡಿ ಅವರದೇ. ಒಂದು ಕಡೆ ಜೆರಾಕ್ಸ್ ಯಂತ್ರ, ಗೋಡೆಗೆ ದೇವರ ಕ್ಯಾಲೆಂಡರು, ಗಿರಾಕಿಗಳಿಗೊಂದು ಬೆಂಚು. ಬರೆದಿದ್ದಂತೆಯೇ ಚಕಚಕನೆ ಹೊಡೆದು ಮುಗಿಸಿ, "ಪ್ರಿಂಟ್ ಕೊಡ್ಲಾ ಯಜಮಾನ್ರೆ?" ಎಂದರು.

"ತಡಿಯಮ್ಮ. ಇದು ಹಿಂದೆ ಮುಂದೆ ಆಗೈತೆ. ಕತೆ ವಿಷಯ ಎಲ್ಲೆಲ್ಲಿ ಐತೋ ಎಲ್ಲಾ ಒಂದು ಕಡೆ ತಾ. ಪದ್ಯದ್ದು ಒಂದು ಕಡೆ. ನಾಟಕದ್ದು ಒಂದು ಕಡೆ."

ಅವರು ಕನ್ನಡಕದ ಮೇಲಿಂದ ನೋಡಿದರು. "ಬರೆದೋರು ಹಿಂಗೇ ಬರೆದಾರಲ್ರಿ."

"ನನ್ನ ಸೊಸೆ. ಗಡಿಬಿಡಿಯಾಗೆ ಬರೆದಾಳೆ."

"ಒಂದ್ಸಲ ಫೋನ್ ಮಾಡಿ ಕೇಳ್ರಿ ಮತ್ತೆ."

"ಬಾಣಂತಿ ಮನ್ಯಾಗೆ ಅದಾಳೆ, ಈಗೆಲ್ಲಿ ಫೋನ್ ತೆಗೀತಾಳೆ? ನಾನೇನು ಓದಿದೋನಲ್ವೇನಮ್ಮ? ಹೇಳಿದಂಗೆ ಮಾಡು."

ನಾನು ಪಕ್ಕದಲ್ಲಿ ನಿಂತು ಪರದೆಗೆ ಬೆರಳಿಟ್ಟು ತೋರಿಸಿದೆ. ಅವರು ಸಾಲುಗಳನ್ನು ಎತ್ತೆತ್ತಿ ಬೇರೆ ಕಡೆ ಇಟ್ಟರು. ನಡುವೆ ಒಮ್ಮೆ ನಿಲ್ಲಿಸಿ, "ಇಲ್ಲಿ 'ಆದರೆ ಪದ್ಯದಲ್ಲಿ ಹಾಗಲ್ಲ' ಅಂತ ಐತೆ. ಇದನ್ನ ಎಲ್ಲಿಗೆ ಹಾಕ್ಲಿ? ಯಾವ ಕಡಿಗೂ ಸೇರಂಗಿಲ್ಲ ಇದು," ಎಂದರು.

"ತೆಗಿ."

"'ನಾಟಕದ ಹೆಂಡತಿಗೂ ಇದೇ ಪಾಡು, ಆದರೆ ಅವಳಿಗೆ ಕುರ್ಚಿಯಿದೆ' ಅಂತ ಐತಲ್ಲ, ಇದು?"

"ಅದನ್ನೂ ತೆಗಿ."

ಆರಿಸಿದ ಮೇಲೆ ಉಳಿಯುವ ಕಡ್ಡಿ, ಧೂಳು, ಸಿಪ್ಪೆಯ ಚೂರುಗಳಂತೆ ಅವು ನನಗೆ ಕಂಡವು. ಕೊನೆಯ ಸಾಲಿಗೆ ಬಂದಾಗ ನಾನು ಬೆರಳಿಡಲಿಲ್ಲ. "ಅದು ಪಾಠಕ್ಕೆ ಸಂಬಂಧ ಇಲ್ಲಮ್ಮ. ಬಿಡು," ಎಂದೆ. ಅವರು ಆ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡರು. ನನ್ನ ಮುಖ ನೋಡಿದರು. ಅಳಿಸಿದರು.

ಮತ್ತೊಂದು ಬಸ್ಸು ಹತ್ತಿ, ಹೊಳೆಯ ಸೇತುವೆ ದಾಟಿ, ಸಾಸ್ವೆಹಳ್ಳಿ ಮೇಲೆ ಚನ್ನಗಿರಿ ಸೇರಿ, ಅಚ್ಚುಕಟ್ಟಾದ ಪ್ರಬಂಧವನ್ನು ಮೇಡಂ ಕೈಗೆ ಕೊಟ್ಟೆ. ಸೊಸೆಯ ಓದಿನ ಬಗ್ಗೆ ಮಾವನಿಗೆ ಇಷ್ಟು ಕಾಳಜಿಯಿರುವುದು ಅಪರೂಪ ಎಂದು ಅವರು ಹೊಗಳಿದರು. ಆ ಹೊಗಳಿಕೆಯನ್ನು ಮನೆಗೆ ಬಂದು ಹೆಂಡತಿಗೂ ಹೇಳಿದೆ.

ಸೊಸೆ ಜಗಳೂರಿನಿಂದ ಬಂದ ಮೇಲಿನ ಭಾನುವಾರ ತರಗತಿಗೆ ಹೋಗಿ ಸಂಜೆ ವಾಪಸಾದಳು. ಚಪ್ಪಲಿ ಬಿಟ್ಟವಳೇ ಪ್ರಬಂಧವನ್ನು ಮೇಜಿನ ಮೇಲೆ ಇಟ್ಟಳು. ಮೊದಲ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಮೇಡಂ ಬರೆದಿದ್ದರು: ಇಲ್ಲಿ ಮೂರು ಸಾರಾಂಶಗಳಿವೆ, ಹೋಲಿಕೆ ಎಲ್ಲಿ? ಕೆಳಗಿದ್ದ ಅಂಕ ಪಾಸಿಗೆ ಸಾಲುತ್ತಿರಲಿಲ್ಲ.

"ಮಾವ, ಇದು ನಾನು ಬರೆದದ್ದಲ್ಲ."

ನಾನು ಪೇಪರು ಓದುತ್ತಿದ್ದೆ.

"ಎಲ್ಲಾ ಕಿತ್ತು ಕಿತ್ತು ಬ್ಯಾರೆ ಕಡೆ ಹಾಕ್ಯಾರೆ. ಎಷ್ಟೋ ಸಾಲೇ ಇಲ್ಲ. ಮೇಡಂ ಮುಂದೆ ನಿಂತು ಏನು ಹೇಳಾಕೂ ಬಾಯಿ ಬರ್ಲಿಲ್ಲ ನಂಗೆ. ಯಾರು ಮಾಡಿದ್ದು ಇದನ್ನ?"

ಒಂದು ಉಸಿರಿನಷ್ಟು ಹೊತ್ತಿನಲ್ಲಿ ಹೇಳಿಬಿಡಬಹುದಿತ್ತು. ಹೇಳಿದ್ದು ಬೇರೆ.

"ಆ ಡಿಟಿಪಿ ಅಮ್ಮನೇ ಏನಾರ ಹಿಂದೆ ಮುಂದೆ ಮಾಡಿರ್ಬೇಕು. ಗಿರಾಕಿ ಬಾಳ ಇದ್ರು."

ಮರುದಿನ ಬೆಳಿಗ್ಗೆ ಅವಳು ಹೊನ್ನಾಳಿಗೆ ಹೊರಟಳು. ನೀವೂ ಬರ್ರಿ ಎಂದಳು. ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ.

ಅಂಗಡಿಗೆ ಕಾಲಿಟ್ಟವಳೇ ಕೈಬರಹವನ್ನೂ ಅಚ್ಚಾದದ್ದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. "ಅಲ್ಲಕ್ಕ, ನಾನು ಬರೆದದ್ದೊಂದು, ನೀವು ಹೊಡೆದದ್ದೊಂದು. ಕಣ್ಣಿಟ್ಟು ನೋಡ್ತೀರೋ ಇಲ್ಲೋ? ನನ್ನ ವರ್ಷದ ಓದು ಹಾಳಾಗ್ತಿತ್ತು."

ಅವರು ಹಾಳೆಗಳನ್ನು ನೋಡಿದರು. ಆಮೇಲೆ ನನ್ನನ್ನು. "ಅವತ್ತು ಯಜಮಾನ್ರು ಇಲ್ಲೇ ಇದ್ರಲ್ಲಮ್ಮ," ಎಂದರು ಮೆಲ್ಲಗೆ. ನಾನು ಹೇಳಲೆಂದು ಅವರು ಜಾಗ ಬಿಟ್ಟುಕೊಟ್ಟಿದ್ದರು.

ನಾನು ಕ್ಯಾಲೆಂಡರಿನ ದೇವರನ್ನು ನೋಡುತ್ತ, "ನಂಗೆ ಕಂಪ್ಯೂಟರೆಲ್ಲ ಏನು ತಿಳೀತದಮ್ಮ," ಎಂದೆ.

ಜೆರಾಕ್ಸ್ ಮಾಡಿಸಲು ನಿಂತಿದ್ದ ಇಬ್ಬರು ಹುಡುಗಿಯರು ಇತ್ತ ತಿರುಗಿ ನೋಡಿದರು. ಅಂಗಡಿಯ ಹೆಂಗಸು ಹಾಳೆಗಳನ್ನು ಒಟ್ಟು ಮಾಡಿ ಅಂಚು ಸರಿಸಿದರು. "ಇರ್ಬೋದು ಬಿಡ್ರಿ. ನಂದೇ ಕಣ್ತಪ್ಪಿರ್ಬೇಕು. ಕೊಡ್ರಿ, ಬಿಟ್ಟಿ ಮಾಡಿಕೊಡ್ತೀನಿ."

"ಬ್ಯಾಡಕ್ಕ. ಒಂದ್ಸಲ ಆಗಿದ್ದು ಸಾಕು," ಎಂದಳು ಸೊಸೆ.

ವಾಪಸು ಬಸ್ಸಿನಲ್ಲಿ ಅವಳು ಫೋನಿನಲ್ಲಿ ಏನೋ ಬರೆಯುತ್ತಿದ್ದಳು. ಏನಮ್ಮ ಅದು ಎಂದು ಕೇಳಿದೆ.

"ನಮ್ಮ ಕ್ಲಾಸಿನ ಗುಂಪಿಗೆ ಹಾಕ್ತಿದೀನಿ ಮಾವ. ಆ ಅಂಗಡಿಗೆ ಯಾರೂ ಹೋಗ್ಬ್ಯಾಡ್ರಿ ಅಂತ. ಇನ್ನೊಬ್ರಿಗೆ ಹಿಂಗಾಗ್ಬಾರ್ದಲ್ಲ."

ಮನೆ ಸೇರುವುದರೊಳಗೆ ಅವಳ ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ನನ್ನದು ಮೊನ್ನೆ ಅಲ್ಲಿಗೇ ಕೊಟ್ಟಿದ್ದೆ, ಬೇಡ ಅಂತ ಹೇಳ್ತೀನಿ ಎಂದು ಒಬ್ಬರು. ನಾನು ಇನ್ನು ಮೇಲೆ ಬೇರೆ ಕಡೆ ನೋಡ್ಕೊಂತೀನಿ ಎಂದು ಇನ್ನೊಬ್ಬರು. ಅವಳು ಒಂದೊಂದನ್ನೂ ನನಗೆ ಓದಿ ಹೇಳಿದಳು.

ಮುಂದಿನ ಭಾನುವಾರದೊಳಗೆ ಸರಿಯಾದ ಪ್ರಬಂಧ ತಂದರೆ ತೆಗೆದುಕೊಳ್ಳುತ್ತೇನೆಂದು ಮೇಡಂ ಒಪ್ಪಿದ್ದರು. ಸೊಸೆ ಹಳೆಯ ಕೈಬರಹವನ್ನು ಮತ್ತೊಮ್ಮೆ ತಿದ್ದಲು ಕೂತಳು. ಈ ಸಲ ನಾನು ಎದುರು ಕೂರಲಿಲ್ಲ. ಅವಳೇ ಕರೆದಳು.

"ಮಾವ, ಬರ್ರಿ ಇಲ್ಲಿ. ಈ ಟೈಪಾಗಿರೋದು ನೀವು ಹೇಳಿದಂಗೇ ಆಗೈತೆ ನೋಡ್ರಿ, ಒಂದೊಂದು ಒಂದೊಂದು ಕಡೆ. ಓದ್ರಿ. ಏನಾದ್ರೂ ಅನ್ನಿಸ್ತದಾ?"

ಓದಿದೆ. ಸುಗ್ಗಿಯ ಹೆಂಗಸು ನಿಂತೇ ತಿಂದಳು. ಮುಗಿಯಿತು. ಹುಡುಗಿ ಬಾಲ ತಿಂದಳು. ಮುಗಿಯಿತು. ಹೆಂಡತಿ ಉಪ್ಪು ತಂದಳು. ಮುಗಿಯಿತು.

"ಏನೂ ಅನ್ಸಲ್ಲಮ್ಮ," ಎಂದೆ. ಅದು ನಿಜವಾಗಿತ್ತು. ಏನೂ ಅನ್ನಿಸಬಾರದೆಂದೇ ಅಲ್ಲವೇ ನಾನು ಹಾಗೆ ಮಾಡಿಸಿದ್ದು.

"ಈಗ ನೋಡ್ರಿ. ಮೊದಲು ಒಂದು ಪ್ರಶ್ನೆ ಇಟ್ಕೋಬೇಕು. ಯಾರು ಮೊದಲು ಉಣ್ತಾರೆ ಅಂತ. ಅದನ್ನ ಮೂರಕ್ಕೂ ಒಂದೇ ಕಡೆ ಕೇಳ್ಬೇಕು. ಆಗ ನಾಟಕದೋಳಿಗೆ ಕುರ್ಚಿ ಐತೆ, ಕತೆಯೋಳಿಗೆ ಇಲ್ಲ ಅನ್ನೋದು ಕಾಣ್ತದೆ. ಕುರ್ಚಿ ಇದ್ರೂ ಅವಳು ಕೂರಲ್ಲ ಅನ್ನೋದು ಆಮ್ಯಾಲೆ ಕಾಣ್ತದೆ. ಆಮ್ಯಾಲೆ ಇನ್ನೊಂದು ಪ್ರಶ್ನೆ. ಅದನ್ನೂ ಮೂರಕ್ಕೂ. 'ಆದರೆ', 'ಹಂಗೇ', 'ಅದಕ್ಕಿಂತ' ಅಂತ ಬರ್ತವಲ್ಲ, ಪ್ರಬಂಧದ ಜೀವ ಇರೋದೇ ಅದರಾಗೆ ಅಂತಾರೆ ಮೇಡಂ. ಆ ಅಕ್ಕ ಅವನ್ನೇ ಹುಡುಕಿ ಹುಡುಕಿ ತೆಗೆದಾರೆ."

ನಾನು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ.

ಮಂಡಿಯಲ್ಲಿ ಆರಿಸುವುದು ಒಂದು ಕೆಲಸ. ವ್ಯಾಪಾರಿ ಬಂದು ಮಾಲು ನೋಡುವುದು ಬೇರೆಯೇ ಕೆಲಸ. ಇದನ್ನು ನಾನು ಹೇಗೆ ಮರೆತೆನೋ. ಪಳಗಿದ ವ್ಯಾಪಾರಿ ಒಂದು ಗುಡ್ಡೆಯ ಮುಂದೆ ನಿಂತು ಯಾವತ್ತೂ ಬೆಲೆ ಹೇಳುವುದಿಲ್ಲ. ಒಬ್ಬೊಬ್ಬ ಬೆಳೆಗಾರನ ಚೀಲದಿಂದಲೂ ಒಂದೊಂದು ಹಿಡಿ ತೆಗೆದು ಒಂದೇ ತಟ್ಟೆಯಲ್ಲಿ ಪಕ್ಕಪಕ್ಕ ಹಾಕುತ್ತಾನೆ. ಮೊದಲು ಎಲ್ಲದರ ಬಣ್ಣ. ಆಮೇಲೆ ಅಡಕತ್ತರಿಯಲ್ಲಿ ಒಂದೊಂದನ್ನು ಹೋಳು ಮಾಡಿ ಎಲ್ಲದರ ಒಳಗು. ಗುಡ್ಡೆಯಾಗಿದ್ದಾಗ ಎಲ್ಲ ಮಾಲೂ ಚೆನ್ನಾಗಿಯೇ ಕಾಣುತ್ತದೆ. ತಟ್ಟೆಗೆ ಬಿದ್ದಾಗಲೇ ಒಂದು ಕಪ್ಪಾಗಿದೆ, ಒಂದು ಟೊಳ್ಳಾಗಿದೆ ಎಂದು ತಿಳಿಯುವುದು. ಮಾಲಿನಲ್ಲಿ ಐಬಿರುವವನು ಏನು ಮಾಡುತ್ತಾನೆ ಎಂಬುದನ್ನೂ ನಾನು ಎಷ್ಟೋ ಸಲ ನೋಡಿದ್ದೆ. ನಂದು ಬ್ಯಾರೆ ಇಡ್ರಿ, ಅವರ ಮಾಲಿನ ಪಕ್ಕ ಹಾಕ್ಬ್ಯಾಡ್ರಿ ಎಂದು ಗಲಾಟೆ ಮಾಡುತ್ತಾನೆ. ನಾವು ಮಂಡಿಯವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. ಹೊನ್ನಾಳಿಯ ಅಂಗಡಿಯಲ್ಲಿ ನಾನು ಆ ಬೆಳೆಗಾರನಾಗಿದ್ದೆ. ಆ ಹೆಂಗಸು ನಗದೆ ತಡೆದುಕೊಂಡಿದ್ದರು. ಅಷ್ಟೇ ಅಲ್ಲ, ನನ್ನ ಐಬನ್ನು ತಮ್ಮ ಮೇಲೆ ಹಾಕಿಕೊಂಡಿದ್ದರು.

ಮರುದಿನ ಮಧ್ಯಾಹ್ನ ಹೆಂಡತಿ ಪಕ್ಕದ ಮನೆಗೆ ಹಪ್ಪಳ ಮಾಡಿಕೊಡಲು ಹೋಗಿದ್ದಳು. ಮಗ ಕೆಲಸದಲ್ಲಿ, ಮೊಮ್ಮಗಳು ಶಾಲೆಯಲ್ಲಿ. ಸೊಸೆ ನನ್ನ ತಟ್ಟೆಗೆ ರೊಟ್ಟಿ, ಪಲ್ಯ ಹಾಕಿ ಬಾಗಿಲ ಬಳಿ ನಿಂತಳು.

"ಕೂತ್ಕೊಳಮ್ಮ," ಎಂದೆ.

"ಬಡಿಸ್ಬೇಕಲ್ಲ ಮಾವ."

"ಬಡಿಸೋದು ಏನಿಲ್ಲ. ಕೂತ್ಕೋ. ನಿಂಗೂ ತಟ್ಟೆ ಹಾಕ್ಕೋ."

ಅವಳಿಗೆ ಗಾಬರಿಯಾಯಿತು. "ಯಾಕ್ರಿ ಮಾವ, ಮೈಯಾಗೆ ಹುಷಾರಿಲ್ವಾ?" ಎನ್ನುತ್ತಲೇ ನಾಲ್ಕನೆಯ ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿ ಕೂತಳು. ತಟ್ಟೆ ಹಾಕಿಕೊಳ್ಳಲಿಲ್ಲ.

"ಆ ಪ್ರಬಂಧ ಹಾಳು ಮಾಡಿದ್ದು ಆಕೆ ಅಲ್ಲ. ನಾನು. ಪಕ್ಕದಾಗೆ ನಿಂತು ಮಾಡಿಸ್ದೆ. ಆಕೆ ಬ್ಯಾಡ ಅಂದ್ಲು, ನಿಂಗೆ ಫೋನ್ ಮಾಡ್ರಿ ಅಂದ್ಲು. ಕೇಳ್ಲಿಲ್ಲ ನಾನು."

ಅವಳು ಮೇಜಿನ ಮೇಲಿದ್ದ ನೀರಿನ ಲೋಟವನ್ನು ತಿರುಗಿಸುತ್ತ ಕೂತಿದ್ದಳು. "ಆ ಕೊನೆ ಸಾಲು?" ಎಂದು ಕೇಳಿದಳು.

"ಅದನ್ನೂ ನಾನೇ ತೆಗೆಸ್ದೆ."

"ಯಾಕೆ? ಸುಳ್ಳಾಗಿತ್ತಾ?"

"ಇಲ್ಲ. ಅದಕ್ಕೇ ತೆಗೆಸ್ದೆ."

ಲೋಟ ನಿಂತಿತು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಬೈಯುತ್ತಾಳೆ ಎಂದುಕೊಂಡೆ, ಅದೂ ಇಲ್ಲ. "ಉಣ್ರಿ, ಆರ್ತಾ ಐತೆ," ಎಂದಳು. ಆ ಮಾತಿನಲ್ಲಿ ಮೃದುತ್ವವೇನೂ ಇರಲಿಲ್ಲ. ನಾನು ತುತ್ತು ಮುರಿದೆ.

"ನನ್ನ ಹಾಳೆ ನಾನು ಮತ್ತೆ ಬರಕೊಂತೀನಿ ಮಾವ. ಆ ಅಕ್ಕನ್ನ ಅಂಗಡಿಯಾಗೆ, ನಾಲ್ಕು ಜನದ ಮುಂದೆ ಬೈದು ಬಂದ್ನಲ್ಲ ನಾನು. ಅದನ್ನ ಯಾರು ವಾಪಸ್ ತಗೊಳ್ಳೋದು? ಗುಂಪಿನಾಗೆ ಹಾಕಿದ್ದನ್ನ?"

"ನಾಳೆ ಹೋಗಿ ಹೇಳ್ತೀನಿ."

"ನಾಳೆ ಯಾಕೆ? ಮೂರಕ್ಕೆ ಬಸ್ಸೈತೆ."

ಹೋಗುವ ದಾರಿಯಲ್ಲಿ ಅವಳು ಕವರಿನಿಂದ ಕೈಬರಹ ತೆಗೆದು, ಕೊನೆಯ ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಕುಲುಕುವ ಬಸ್ಸಿನಲ್ಲೇ ಏನನ್ನೋ ಹೊಡೆದುಹಾಕಿ ಮತ್ತೇನನ್ನೋ ಬರೆದಳು. ಈ ಸಲ ನಾನು ಇಣುಕಿ ನೋಡಲಿಲ್ಲ.

ಅಂಗಡಿಯಲ್ಲಿ ಟೈಪ್ ಮಾಡಿಸುವವರು ಯಾರೂ ಇರಲಿಲ್ಲ. ಬೆಂಚಿನ ಮೇಲೆ ಕಾಲೇಜಿನ ಮೂರ್ನಾಲ್ಕು ಹುಡುಗಿಯರು ಜೆರಾಕ್ಸಿಗೆ ಕಾಯುತ್ತಿದ್ದರು. ನಮ್ಮನ್ನು ಕಂಡು ಅಂಗಡಿಯ ಹೆಂಗಸಿನ ಮುಖ ಬಿಗಿಯಾಯಿತು. "ಇನ್ನೇನ್ರಮ್ಮ?" ಎಂದರು.

ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. ಹುಡುಗಿಯರಿಗೂ ಕೇಳುವಷ್ಟು ದನಿಯಲ್ಲಿ, "ತಾಯಿ, ಅವತ್ತು ಈಕೆ ಬರೆದದ್ದನ್ನ ಕೆಡಿಸಿದೋನು ನಾನು. ನೀನು ಬ್ಯಾಡ ಅಂದಿದ್ದೆ. ಮೊನ್ನೆ ಇಲ್ಲೇ ನಿಂತು ಸುಳ್ಳೂ ಹೇಳ್ದೆ. ತಪ್ಪಾತು," ಎಂದೆ.

ಸೊಸೆ, "ನಂದೂ ತಪ್ಪಾತಕ್ಕ. ವಿಚಾರ ಮಾಡ್ದೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ," ಎಂದಳು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವಯಸ್ಸಾದೋರು, ಸೊಸೆ ಮುಂದೆ ಹೆಂಗೆ ಹೇಳೋದು ಅಂತ ನಾನೇ ಸುಮ್ಕಾದೆ ಕಣ್ರಮ್ಮ. ಮನಿಗೆ ಹೋಗಿ ಹೇಳ್ತಾರೆ ಅನ್ಕೊಂಡಿದ್ದೆ. ಮಾರನೇ ದಿನದಿಂದ ನಿಮ್ಮ ಕ್ಲಾಸಿನೋರು ಒಬ್ರೂ ಬರ್ಲಿಲ್ಲ. ಆಗ ಗೊತ್ತಾತು, ಯಜಮಾನ್ರು ಇನ್ನೂ ಹೇಳಿಲ್ಲ ಅಂತ."

ಸೊಸೆ ಫೋನು ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದಳು. "ಗುಂಪಿಗೂ ಹೇಳ್ರಿ ಮಾವ. ಬರೆದ್ರೆ ನಾನೇ ಬರೆದೆ ಅಂತಾರೆ. ನಿಮ್ಮ ದನೀಲೇ ಹೇಳ್ರಿ."

ಆ ಅಂಗಡಿಯವರದು ಏನೂ ತಪ್ಪಿಲ್ಲ, ಪ್ರಬಂಧ ತಿರುಗಾಮುರುಗಾ ಮಾಡಿಸಿದವನು ಈಕೆಯ ಮಾವನಾದ ನಾನು ಎಂದು ಹೇಳಿದೆ. ನನ್ನ ದನಿ ನನಗೇ ಯಾರೋ ಮುದುಕನ ದನಿಯಂತೆ ಕೇಳಿಸಿತು. ಬೆಂಚಿನ ಮೇಲಿದ್ದ ಹುಡುಗಿಯೊಬ್ಬಳು ಕಿಸಕ್ಕೆಂದಳು. ಇನ್ನೊಬ್ಬಳು ಅವಳ ತೊಡೆ ಚಿವುಟಿದಳು.

"ಆತು ಬಿಡ್ರಿ, ಕೊಡ್ರಿ ಇಲ್ಲಿ ಹಾಳೆ," ಎಂದು ಅಂಗಡಿಯ ಹೆಂಗಸು ಕನ್ನಡಕ ಏರಿಸಿ ಕೂತರು. "ಯಜಮಾನ್ರು ಬೆಂಚಿನ ಮ್ಯಾಲೆ ಕೂರ್ಲಿ. ಈ ಕಡಿಗೆ ಬರಂಗಿಲ್ಲ."

ನಾನು ಹುಡುಗಿಯರ ಪಕ್ಕ ಬೆಂಚಿನ ತುದಿಯಲ್ಲಿ ಕೂತೆ. ಕೀಲಿಗಳ ಸದ್ದು ಬಿಡದೆ ಕೇಳುತ್ತಿತ್ತು. ಪುಟದ ಮೇಲೆ ಪುಟ ಮುಗಿಯಿತು. ಕೊನೆಯಲ್ಲಿ ಸದ್ದು ನಿಂತಿತು. ಅವರು ಪರದೆಯ ಕಡೆ ಬಾಗಿ ಒಂದು ಸಾಲನ್ನು ಗಟ್ಟಿಯಾಗಿ ಓದಿದರು. ಇಂಗ್ಲಿಷಿನಲ್ಲೇ ಓದಿದರು, ನನಗೆ ಬೆರಳಿಡದೆಯೂ ಅರ್ಥವಾಯಿತು. 'ಈ ಪ್ರಬಂಧವನ್ನು ನಾನು ಬರೆದ ಮೇಜಿಗೆ ಊಟದ ಹೊತ್ತಿನಲ್ಲಿ ನಾನು ಈವರೆಗೆ ಕೂತದ್ದು ಒಮ್ಮೆ ಮಾತ್ರ, ಅದೂ ಉಣ್ಣಲು ಅಲ್ಲ, ಒಂದು ತಪ್ಪೊಪ್ಪಿಗೆಯನ್ನು ಕೇಳಲು.'

ಅವರು ಕುರ್ಚಿ ತಿರುಗಿಸಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಏನ್ ಯಜಮಾನ್ರೆ, ಈ ಸಾಲು ಇರ್ಲೋ, ತೆಗೀಲೋ?"

ಸೊಸೆ ಕ್ಯಾಲೆಂಡರಿನ ಕಡೆ ನೋಡುತ್ತಿದ್ದಳು. ಬೆಂಚಿನ ಹುಡುಗಿಯರು ನನ್ನ ಬಾಯನ್ನೇ ನೋಡುತ್ತಿದ್ದರು.

"ಆಕೆ ಎಲ್ಲಿ ಬರೆದಾಳೋ ಅಲ್ಲೇ ಇರ್ಲಿ ತಾಯಿ," ಎಂದೆ.